ಒಂದೇ ಬಟ್ಟೆ, ಒಂದೇ ಅಳತೆ

(ಜುಮಾ ಖುತ್ಬಾದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಅವನ ಪ್ರವಾದಿಯವರ(ಸ) ಮೇಲೆ ಸಲಾತ್ ಮತ್ತು ಸಲಾಮ್.

ಒಗ್ಗಟ್ಟಿನ ಬಗ್ಗೆ ಮಿಂಬರ್‌ನಿಂದ ಕೇಳದ ವರ್ಷವಿಲ್ಲ. ಕೇಳುತ್ತೇವೆ, ತಲೆದೂಗುತ್ತೇವೆ, ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಎರಡು ಗುಂಪಾಗಿರುತ್ತೇವೆ. ಆದ್ದರಿಂದ ಇಂದು ನಮ್ಮ ಹೊಳೆಯ ಮಾತನ್ನೇ ಎತ್ತಿಕೊಳ್ಳೋಣ.

ಆಳಂದದ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಅದೇ ನೀರು ಮುಂದೆ ಜೇವರ್ಗಿಯ ಹೊಲಗಳ ಅಂಚಿಗೆ ಹರಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ, ವೀರ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳು ಹೇಗೆ ಮುಳುಗಿದವೆಂದು ನೋಡಿದ್ದೇವೆ. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ನೋಡಿದೆವು. ಕಟ್ಟಿಸಂಗಾವಿ ಸೇತುವೆಯ ಮೇಲೆ ಸಂಚಾರ ನಿಂತಿತು. ತೊಗರಿ, ಹತ್ತಿ ನೀರಿನಲ್ಲೇ ಕೊಳೆತವು.

ಆಗ ನಾವು ಕೈಕಟ್ಟಿ ಕೂತಿರಲಿಲ್ಲ. ಮಸೀದಿಗಳಲ್ಲಿ ಅನ್ನ ಬೇಯಿತು, ಮನೆಮನೆಯಿಂದ ರೊಟ್ಟಿ ಬಂತು, ಯುವಕರು ರಾತ್ರಿಯಿಡೀ ಹೊತ್ತರು. ಅಲ್ಲಾಹನು ಸ್ವೀಕರಿಸಲಿ. ಆದರೆ ನಮ್ಮ ಗಾಡಿಗಳೆಲ್ಲ ಹೋಗಿ ನಿಂತದ್ದು ಡಾಂಬರು ರಸ್ತೆ ಮುಗಿಯುವಲ್ಲಿಗೆ. ಒಂದೇ ಕಾಳಜಿ ಕೇಂದ್ರಕ್ಕೆ ಮೂರು ಕಡೆಯಿಂದ ಪಲಾವ್ ಬಂದು ಸಂಜೆಗೆ ಹಳಸಿತು. ಒಳಗಿನ ಊರಿನವರಿಗೆ ಬೇಕಾಗಿದ್ದದ್ದು ದನಗಳಿಗೆ ಮೇವು, ಮನೆಯ ಕೆಸರು ತೆಗೆಯಲು ನಾಲ್ಕು ಕೈ. ಅದನ್ನು ಕೇಳಿ ತಿಳಿಯುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ. ಪ್ರತಿ ಕಮಿಟಿಗೂ ತನ್ನದೇ ಬ್ಯಾನರ್, ತನ್ನದೇ ರಸೀದಿ ಪುಸ್ತಕ. ಅಂಥ ಮಳೆಯಲ್ಲೂ ಬ್ಯಾನರ್ ಒದ್ದೆಯಾಗದಂತೆ ನೋಡಿಕೊಂಡವರು ನಾವೇ.

ಯಮನ್‌ನಿಂದ ಬಂದ ಅಶ್‌ಅರೀ ಗೋತ್ರದವರ ಒಂದು ರೂಢಿಯನ್ನು ಹಝ್ರತ್ ಅಬೂ ಮೂಸಾ(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ಯುದ್ಧಯಾತ್ರೆಯಲ್ಲಾಗಲಿ ಮದೀನಾದ ಮನೆಗಳಲ್ಲಾಗಲಿ ಆಹಾರ ಕಡಿಮೆ ಬಿದ್ದರೆ, ಅವರು ಪ್ರತಿಯೊಬ್ಬರ ಬಳಿ ಇದ್ದುದನ್ನು ತಂದು ಒಂದೇ ಬಟ್ಟೆಯ ಮೇಲೆ ಸುರಿಯುತ್ತಿದ್ದರು. ಆಮೇಲೆ ಒಂದೇ ಪಾತ್ರೆಯಲ್ಲಿ ಅಳೆದು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅವರು ತಮ್ಮವರು, ತಾವು ಅವರವರು ಎಂದು ಪ್ರವಾದಿವರ್ಯರು(ಸ) ಅವರನ್ನು ಮೆಚ್ಚಿಕೊಂಡರು.

ಆ ಬಟ್ಟೆಯನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಒಬ್ಬ ಮಡಿಲು ತುಂಬ ಖರ್ಜೂರ ತಂದಿರಬಹುದು, ಇನ್ನೊಬ್ಬ ಒಂದು ಹಿಡಿ ಜವೆ, ಮತ್ತೊಬ್ಬ ಬರಿಗೈ. ಸುರಿದ ಮೇಲೆ ಯಾವ ಕಾಳು ಯಾರದ್ದೆಂದು ಹೇಳಲಾಗದು. ತಂದವನ ಹೆಸರು ಅಲ್ಲಿ ಉಳಿಯುವುದಿಲ್ಲ, ಬರಿಗೈಯಲ್ಲಿ ಬಂದವನ ಮಾನ ಉಳಿಯುತ್ತದೆ. ಹಂಚುವ ಪಾತ್ರೆಯೂ ಒಂದೇ. ಸಂಬಂಧಿಕನಿಗೆ ದೊಡ್ಡದು, ಪರಿಚಯವಿಲ್ಲದವನಿಗೆ ಚಿಕ್ಕದು ಎಂದಿರಲಿಲ್ಲ.

“ಆ ಜಮಾಅತಿನವರ ಜೊತೆ ಹೇಗೆ ಕೂಡುವುದು?” ಎಂದು ಕೆಲವರು ಕೇಳುತ್ತಾರೆ. ನಮಾಝಿನಲ್ಲಿ ಕೈ ಎಲ್ಲಿ ಕಟ್ಟಬೇಕೆಂಬ ಚರ್ಚೆ ಉಲಮಾಗಳಿಗಿರಲಿ, ಅಕ್ಕಿ ಚೀಲ ಎತ್ತಲು ಎರಡೂ ಕೈ ಬೇಕು. ಸೂರಃ ಅಲ್ ಮಾಇದಃದ ಎರಡನೆಯ ಆಯತನ್ನು ಮನೆಯಲ್ಲಿ ಕೂತು ಓದಿ ನೋಡಿ. ಒಳಿತಿನಲ್ಲಿ ಸಹಕರಿಸಬೇಕೆಂಬ ಆದೇಶಕ್ಕೆ ಮೊದಲು ಅಲ್ಲಿ ಬರುವುದು, ಮಸ್ಜಿದುಲ್ ಹರಾಮ್‌ಗೆ ಹೋಗದಂತೆ ತಡೆದವರ ಮೇಲಿನ ಸಿಟ್ಟು ಕೂಡ ನಮ್ಮನ್ನು ಅನ್ಯಾಯಕ್ಕೆ ತಳ್ಳಬಾರದು ಎಂಬ ಎಚ್ಚರಿಕೆ. ಜಗಳವೇ ಇಲ್ಲದವರೊಡನೆ ಕೂಡಿ ಕೆಲಸ ಮಾಡಲು ಇಷ್ಟು ಹೇಳಬೇಕಿತ್ತೇ? ಪಕ್ಕದ ಓಣಿಯ ಮಸೀದಿಯವರಷ್ಟೇ ಅಲ್ಲ, ಊರಿನ ಮಠದವರು, ಪಂಚಾಯಿತಿಯವರು, ದಲಿತ ಕೇರಿಯ ಹುಡುಗರು, ಎಲ್ಲರೊಡನೆ ಕೂತು ಮಾತಾಡಬೇಕು. ಹೊಳೆ ಬಂದಾಗ ಅವರ ಮನೆಗೂ ನಮ್ಮ ಮನೆಗೂ ಬರುವುದು ಅದೇ ಕೆಸರು.

ಈ ಬಾರಿ ಮಳೆಗೆ ಮೊದಲೇ ಕೂಡೋಣ. ಮೂರೂ ತಾಲ್ಲೂಕಿನ ಮಸೀದಿಗಳ ಪರಿಹಾರದ ಹಣಕ್ಕೆ ಒಂದೇ ಲೆಕ್ಕ ಇರಲಿ, ಅದನ್ನು ಪ್ರತಿ ಶುಕ್ರವಾರ ಗೋಡೆಗೆ ಅಂಟಿಸಲಿ. ಝಕಾತ್ ಅದರ ಹಕ್ಕುದಾರರಿಗೆ ಬೇರೆಯಾಗಿಯೇ ಇರಲಿ. ಸದಕಾದ ಹಣದಿಂದ ಜಾತಿ ಧರ್ಮ ಕೇಳದೆ ನೆರವಾಗೋಣ. ಹೊಳೆ ದಂಡೆಯ ಊರುಗಳಲ್ಲಿ ಒಂಟಿಯಾಗಿರುವ ಮುದುಕರು ಯಾರು, ಬಾಣಂತಿಯರು ಯಾರು ಎಂಬುದು ನಮ್ಮ ತಾಯಂದಿರಿಗೆ, ಅಕ್ಕಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತು; ಆ ಪಟ್ಟಿ ಅವರೇ ಮಾಡಲಿ. ಆಳಂದದವರು ಮೇವಿನ ಹೊಣೆ ಹೊತ್ತರೆ ದೊಡ್ಡ ಉಪಕಾರ, ಅವರಿಗೆ ಭೀಮೆಯ ಭಯ ಇಲ್ಲ.

ಇಂದು ಅಸ್ರ್ ನಂತರ ಮಸೀದಿಯ ಪಡಸಾಲೆಯಲ್ಲಿ ಒಂದು ನೋಟ್‌ಬುಕ್ ತೆರೆದಿಡುತ್ತೇವೆ. ಟ್ರ್ಯಾಕ್ಟರ್ ಇದ್ದವರು ಮೊದಲು ಹೆಸರು ಬರೆಸಿ.