ದ್ವಿಚಕ್ರ ವಾಹನದ ಬ್ರೇಕು, ನೋಂದಣಿ ತಪಾಸಣೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ರಸ್ತೆಯ ವಿಷಯ ಬಂದಾಗ ಚರ್ಚೆಯು ಸಾಮಾನ್ಯವಾಗಿ ಡಾಂಬರು, ಚರಂಡಿ ಮತ್ತು ಬೀದಿದೀಪಗಳಿಗೆ ಸೀಮಿತವಾಗುತ್ತದೆ. ಆ ರಸ್ತೆಯ ಮೇಲೆ ಓಡುವ ವಾಹನದ ಸ್ಥಿತಿಗತಿ ಚರ್ಚೆಗೆ ಬರುವುದು ಅಪರೂಪ. ಆದರೆ ಇಂದು ಗ್ರಾಮೀಣ ಜೀವನದ ಬಹುಪಾಲು ಓಡಾಟ ನಡೆಯುವುದು ಮೋಟಾರ್ ಸೈಕಲ್ ಮೇಲೆ. ನಸುಕಿನಲ್ಲಿ ಹಾಲಿನ ಕ್ಯಾನುಗಳನ್ನು ಡೇರಿಗೆ ಒಯ್ಯುವ ರೈತ, ಕೊಳವೆ ಬಾವಿಯ ಮೋಟಾರು ಚಾಲೂ ಮಾಡಲು ಹೊರಡುವ ನೀರುಗಂಟಿ, ಮನೆ ಮನೆ ಸುತ್ತುವ ಕರ ವಸೂಲಿಗಾರ, ಮಕ್ಕಳನ್ನು ಶಾಲೆಗೆ ಬಿಡುವ ತಂದೆ, ಇವರೆಲ್ಲರ ವಾಹನವೂ ಅದೇ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನರು ಮೃತಪಟ್ಟರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಇವರೆಲ್ಲರ ಸಾವಿಗೂ ಬ್ರೇಕೇ ಕಾರಣವೆಂದು ಹೇಳಲಾಗದು. ಆದರೆ ಕಾರಣಗಳ ಪೈಕಿ ಕೆಲವೇ ನೂರು ರೂಪಾಯಿ ಖರ್ಚಿನಲ್ಲಿ, ಅರ್ಧ ಗಂಟೆಯಲ್ಲಿ ನಿವಾರಿಸಬಹುದಾದದ್ದು ಬ್ರೇಕಿನ ದೋಷವೇ ಆಗಿದೆ. ಆದ್ದರಿಂದ ಅದನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಸೂಕ್ತ.

ಕಾನೂನಿನ ನೆಲೆ

ಮೋಟಾರು ವಾಹನ ಅಧಿನಿಯಮ, 1988ರ 41ನೇ ಪ್ರಕರಣದಂತೆ ಸ್ವಂತ ಬಳಕೆಯ ದ್ವಿಚಕ್ರ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ಆ ಬಳಿಕ ವಾಹನವನ್ನು ತಪಾಸಣೆಗೆ ಒಳಪಡಿಸಿ, ಅದು ರಸ್ತೆಗೆ ಯೋಗ್ಯವೆಂದು ಕಂಡುಬಂದಲ್ಲಿ, ನೋಂದಣಿಯನ್ನು 5 ವರ್ಷಗಳಿಗೆ ನವೀಕರಿಸಲಾಗುತ್ತದೆ. ಇದಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕು. ಅವಧಿ ಮುಗಿಯುವ ದಿನಾಂಕಕ್ಕೆ 60 ದಿನ ಮುಂಚಿನಿಂದ ಅರ್ಜಿ ಸಲ್ಲಿಸಲು ಅವಕಾಶವಿದೆ. ಚಾಲ್ತಿಯಲ್ಲಿರುವ ವಿಮೆ ಮತ್ತು ಹೊಗೆ ತಪಾಸಣಾ ಪ್ರಮಾಣಪತ್ರಗಳು ಜೊತೆಗಿರಬೇಕು. ಕಚೇರಿಯಲ್ಲಿ ಮೋಟಾರು ವಾಹನ ನಿರೀಕ್ಷಕರು ಚಾಸಿ ಸಂಖ್ಯೆ, ಸಂಖ್ಯಾಫಲಕ, ದೀಪಗಳು, ಹಾರ್ನ್, ಕನ್ನಡಿ, ಟಯರು ಹಾಗೂ ಬ್ರೇಕುಗಳನ್ನು ನೋಡುತ್ತಾರೆ. ದೋಷವಿದ್ದಲ್ಲಿ ದುರಸ್ತಿ ಮಾಡಿಸಿ ಮರಳಿ ತರಬೇಕಾಗುತ್ತದೆ.

ಗ್ರಾಮಗಳಲ್ಲಿ ಈ ನವೀಕರಣಕ್ಕೆ ಎದುರಾಗುವ ಮೊದಲ ತೊಡಕು ಬ್ರೇಕಿನದಲ್ಲ, ಹೆಸರಿನದು. ಗಾಡಿ ಕೈಯಿಂದ ಕೈಗೆ ಮಾರಾಟವಾಗಿರುತ್ತದೆ, ಆರ್‌ಸಿ ಪುಸ್ತಕ ಮಾತ್ರ ಮೊದಲ ಮಾಲೀಕನ ಹೆಸರಿನಲ್ಲೇ ಉಳಿದಿರುತ್ತದೆ. 50ನೇ ಪ್ರಕರಣದಂತೆ, ರಾಜ್ಯದೊಳಗಿನ ಮಾರಾಟವಾದಲ್ಲಿ, ಮಾರಿದವರು 14 ದಿನಗಳೊಳಗೆ ಮತ್ತು ಕೊಂಡವರು 30 ದಿನಗಳೊಳಗೆ ಹಸ್ತಾಂತರವನ್ನು ವರದಿ ಮಾಡತಕ್ಕದ್ದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರದ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ. ಅಂದರೆ, ಹತ್ತು ವರ್ಷದ ಹಿಂದೆ ಮಾರಿ ಮರೆತ ಗಾಡಿಯ ಬ್ರೇಕು ಇಂದು ವಿಫಲವಾದರೂ ಮಾರಿದವರ ಮನೆಗೆ ನೋಟೀಸು ಬರಬಹುದು.

190ನೇ ಪ್ರಕರಣವು ಇನ್ನೂ ಮುಖ್ಯ. ವಾಹನದಲ್ಲಿ ಅಪಾಯಕಾರಿ ದೋಷವಿದೆಯೆಂದು ತಿಳಿದಿದ್ದರೂ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದರೂ, ಅದನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವರು ಮಾತ್ರವಲ್ಲದೆ ಓಡಿಸಲು ಬಿಡುವವರೂ ದಂಡನೆಗೆ ಗುರಿಯಾಗುತ್ತಾರೆ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದಲ್ಲಿ ಮೂರು ತಿಂಗಳವರೆಗೆ ಕಾರಾವಾಸ ವಿಧಿಸಬಹುದು. "ಓಡಿಸಲು ಬಿಡುವವರು" ಎಂಬ ಮಾತು ಪಂಚಾಯಿತಿಯ ಸ್ವಂತ ವಾಹನಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಸದಸ್ಯರು ಗಮನಿಸಬೇಕು.

ನಿಲ್ಲುವ ದೂರದ ಲೆಕ್ಕ

ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಅಡ್ಡಿ ಕಂಡು, ಬ್ರೇಕು ಒತ್ತಲು ಸವಾರನಿಗೆ ಒಂದು ಸೆಕೆಂಡ್ ಬೇಕೆಂದು ಭಾವಿಸಿದರೆ, ಆ 11 ಮೀಟರ್ ಬ್ರೇಕು ಹಿಡಿಯುವ ಮೊದಲೇ ಕಳೆದುಹೋಗುತ್ತದೆ. ಒಣ ಡಾಂಬರಿನ ಮೇಲೆ ಎರಡೂ ಬ್ರೇಕುಗಳು ಸುಸ್ಥಿತಿಯಲ್ಲಿದ್ದರೆ ಅಲ್ಲಿಂದ ಮುಂದೆ ಸುಮಾರು 10 ಮೀಟರಿನಲ್ಲಿ ಗಾಡಿ ನಿಲ್ಲಬಲ್ಲದು. ಒಟ್ಟು 21 ಮೀಟರ್. ಮುಂದಿನ ಬ್ರೇಕು ಕೆಲಸ ಮಾಡದೆ ಹಿಂದಿನದನ್ನೇ ನಂಬಿದಾಗ ತಡೆಯುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆಗ ಒಟ್ಟು ದೂರ ಸುಮಾರು 32 ಮೀಟರ್ ಆಗುತ್ತದೆ.

ಶಾಲೆಯ ಗೇಟಿನ ಮುಂದೆ 25 ಮೀಟರ್ ದೂರದಲ್ಲಿ ಒಂದು ಮಗು ರಸ್ತೆಗೆ ಓಡಿ ಬಂದಿತೆಂದು ಊಹಿಸಿದರೆ, ಮೊದಲ ಗಾಡಿ ಮಗುವಿಗಿಂತ 4 ಮೀಟರ್ ಮುಂಚೆಯೇ ನಿಂತಿರುತ್ತದೆ. ಎರಡನೆಯ ಗಾಡಿ ಮಗುವನ್ನು ತಲುಪುವಾಗ ಇನ್ನೂ ಗಂಟೆಗೆ 20 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿರುತ್ತದೆ. ವೇಗ 60ಕ್ಕೆ ಏರಿದರೆ ಎರಡು ಗಾಡಿಗಳ ನಡುವಿನ ಅಂತರ 20 ಮೀಟರನ್ನೂ ಮೀರುತ್ತದೆ.

ಗಾಡಿ ನಿಲ್ಲುವಾಗ ಭಾರವು ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಆದ್ದರಿಂದ ತಡೆಯುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. "ಮುಂದಿನ ಬ್ರೇಕು ಹಿಡಿದರೆ ಬೀಳುತ್ತೇವೆ" ಎಂಬ ಭಯದಿಂದ ಅದನ್ನು ಸಡಿಲವಾಗಿ ಬಿಟ್ಟಿರುವ ಸವಾರರು ಗ್ರಾಮಗಳಲ್ಲಿ ಕಡಿಮೆಯಿಲ್ಲ. ಜಲ್ಲಿ, ಮರಳು ಮತ್ತು ಕೆಸರಿನ ಮೇಲೆ ಅದನ್ನು ಮೆಲ್ಲಗೆ ಬಳಸಬೇಕೆಂಬುದು ನಿಜ. ಕೇಬಲ್ಲನ್ನೇ ಸಡಿಲಿಸಿಡುವುದು ಅದಕ್ಕೆ ಉತ್ತರವಾಗದು.

ಮನೆಯಂಗಳದಲ್ಲೇ ಮಾಡಬಹುದಾದ ಪರೀಕ್ಷೆ

ಡ್ರಮ್ ಬ್ರೇಕಿನಲ್ಲಿ ಕಾಲಿನ ಪೆಡಲು ಹಿಡಿತಕ್ಕೆ ಬರುವ ಮೊದಲು ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಸಡಿಲವಾಗಿ ಚಲಿಸುತ್ತದೆ. ನಿಖರ ಅಳತೆ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಅದಕ್ಕಿಂತ ಹೆಚ್ಚಾದರೆ ನಟ್ಟನ್ನು ತಿರುಗಿಸಿ ಬಿಗಿ ಮಾಡಬಹುದು. ಆದರೆ ಬಿಗಿ ಮಾಡಿದಷ್ಟೂ ಬ್ರೇಕ್ ಶೂ ಸವೆದಿದೆಯೆಂದೇ ಅರ್ಥ. ಅನೇಕ ಗಾಡಿಗಳಲ್ಲಿ ಬ್ರೇಕು ಒತ್ತಿದಾಗ ಡ್ರಮ್ಮಿನ ಬದಿಯ ಸಣ್ಣ ಬಾಣವು ಗುರುತನ್ನು ತಲುಪಿದರೆ ಶೂ ಬದಲಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ಬದಲಿಸದೆ, ಬ್ರೇಕಿನ ತೋಳನ್ನು ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಕೂರಿಸುವ ಪದ್ಧತಿಯಿದೆ. ಇದರಿಂದ ಪೆಡಲು ಗಟ್ಟಿಯೆನಿಸುತ್ತದೆ, ಸವೆತ ಮಾತ್ರ ಮರೆಯಾಗುತ್ತದೆ. ಕೊನೆಗೊಂದು ದಿನ ಒಳಗಿನ ಕ್ಯಾಮ್ ಪೂರ್ತಿ ತಿರುಗಿ ಚಕ್ರ ಸಿಕ್ಕಿಕೊಳ್ಳುವ ಅಪಾಯವಿದೆ.

ಡಿಸ್ಕ್ ಬ್ರೇಕಿನಲ್ಲಿ ಪ್ಯಾಡಿನ ಮೇಲಿನ ಗೀರು ಅಳಿಸಿಹೋಗಿದ್ದರೆ ಪ್ಯಾಡ್ ಬದಲಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಅವಶ್ಯ. ಲಿವರ್ ಒತ್ತಿದಾಗ ಸ್ಪಂಜಿನಂತೆ ಮೆತ್ತಗೆನಿಸಿದರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದರ್ಥ. ಕೇಬಲ್ಲಿನ ತುದಿಯಲ್ಲಿ ಎಳೆ ಬಿಟ್ಟಿದ್ದರೆ ಅದು ಕಡಿಯುವುದಕ್ಕೆ ಕಾಯಬಾರದು. ಎರಡೂ ಬ್ರೇಕುಗಳಿಗೆ ಹಿಂದಿನ ಕೆಂಪು ದೀಪ ಹೊತ್ತುತ್ತದೆಯೇ ಎಂದು ನೋಡಬೇಕು. ಹಿಂದೆ ಬರುವವರಿಗೆ ಇರುವ ಸೂಚನೆ ಅದೊಂದೇ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ 125 ಸಿಸಿವರೆಗೆ ಸಿಬಿಎಸ್, ಅದಕ್ಕೆ ಮೇಲ್ಪಟ್ಟು ಎಬಿಎಸ್ ಕಡ್ಡಾಯವಾಗಿದೆ. ಪೆಡಲು ಗಟ್ಟಿಯೆಂಬ ನೆಪದಲ್ಲಿ ಸಿಬಿಎಸ್ ಕೊಂಡಿಯನ್ನು ಕಳಚಿಸುವುದು ಸಲ್ಲದು.

ಗದ್ದೆಯ ಕೆಸರಿನಲ್ಲಿ ಅಥವಾ ಹಳ್ಳದಲ್ಲಿ ದಾಟಿದ ಗಾಡಿಯ ಡ್ರಮ್ಮಿನೊಳಗೆ ನೀರು, ಮಣ್ಣು ಸೇರಿ ಹಿಡಿತ ತಗ್ಗುತ್ತದೆ. ದಾಟಿದ ಮೇಲೆ ನಿಧಾನವಾಗಿ ಸಾಗುತ್ತಾ ಬ್ರೇಕನ್ನು ಕೆಲವು ಬಾರಿ ಮೆಲ್ಲಗೆ ಒತ್ತಿ ಒಣಗಿಸಬೇಕು. ಶೂ ಬದಲಿಸುವಾಗ ಡ್ರಮ್ಮಿನ ಧೂಳನ್ನು ಬಾಯಿಯಿಂದ ಅಥವಾ ಗಾಳಿಯ ಪೈಪಿನಿಂದ ಊದಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಒದ್ದೆ ಬಟ್ಟೆಯಿಂದ ಒರೆಸುವುದು ಮೆಕ್ಯಾನಿಕ್ಕಿನ ಶ್ವಾಸಕೋಶಕ್ಕೂ ಕ್ಷೇಮ.

ಶಿಫಾರಸಿನ ಪ್ರಶ್ನೆ

ತಪಾಸಣೆಯಲ್ಲಿ ಗಾಡಿ ತಿರಸ್ಕೃತವಾದಾಗ ಗ್ರಾಮಸ್ಥರು ಮೊದಲು ನೆನೆಯುವುದು ಮೆಕ್ಯಾನಿಕ್ಕನ್ನಲ್ಲ, ಸದಸ್ಯರನ್ನು. "ಒಂದು ಮಾತು ಫೋನಿನಲ್ಲಿ ಹೇಳಿ, ಪಾಸ್ ಮಾಡಿಸಿ" ಎಂಬ ಕೋರಿಕೆ ಬರುತ್ತದೆ. ಮತ ನೀಡಿದವರ ಕೋರಿಕೆಯನ್ನು ಅಲ್ಲಗಳೆಯುವುದು ಸುಲಭವಲ್ಲ. ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರಕ್ಕೆ ಬಂದವರ ಕಷ್ಟವೂ ಸುಳ್ಳಲ್ಲ. ಕೆಲವರು ತಪಾಸಣೆಯ ದಿನಕ್ಕೆಂದು ನೆಂಟರ ಗಾಡಿಯ ಚಕ್ರವನ್ನೇ ಹಾಕಿಸಿಕೊಂಡು ಬಂದು, ಸಂಜೆ ಮರಳಿಸುವುದೂ ಉಂಟು.

ಆದರೆ ನಿರೀಕ್ಷಕರು ಆ ಗಾಡಿಯನ್ನು ನೋಡುವುದು 15 ವರ್ಷದಲ್ಲಿ ಒಂದು ದಿನ, ಕೆಲವು ನಿಮಿಷ. ಉಳಿದ ದಿನಗಳಲ್ಲಿ ಅದನ್ನು ಪರೀಕ್ಷಿಸುವುದು ಊರಿನ ತಿರುವು, ದನಕರು ಮತ್ತು ಮಕ್ಕಳು. ಶಿಫಾರಸಿನಿಂದ ಕಾಗದ ನವೀಕರಣವಾಗುತ್ತದೆ, ಲೈನರು ಆಗುವುದಿಲ್ಲ. ನಾಳೆ ಅದೇ ಗಾಡಿ ಅದೇ ವಾರ್ಡಿನ ಮಗುವಿಗೆ ಬಡಿದರೆ ಸಂತ್ರಸ್ತರೂ ಅದೇ ಸದಸ್ಯರ ಬಾಗಿಲಿಗೇ ಬರುತ್ತಾರೆ. ಆದ್ದರಿಂದ ಅಂಥ ಕೋರಿಕೆ ಬಂದಾಗ, ಯಾವ ದೋಷಕ್ಕೆ ತಿರಸ್ಕೃತವಾಯಿತೆಂದು ಕೇಳಿ, ದುರಸ್ತಿಗೆ ದಾರಿ ತೋರಿಸುವುದೇ ನಿಜವಾದ ಸಹಾಯ. ಒಂದು ಜೊತೆ ಬ್ರೇಕ್ ಶೂವಿನ ಬೆಲೆ ಮಧ್ಯವರ್ತಿಗೆ ಕೊಡುವ ಹಣಕ್ಕಿಂತ ಹೆಚ್ಚೇನೂ ಆಗದು.

ಪಂಚಾಯಿತಿ ಮಾಡಬಹುದಾದದ್ದು

ವಾಹನ ತಡೆದು ತಪಾಸಣೆ ಮಾಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ಆದರೂ ಈ ಕೆಳಗಿನ ಕ್ರಮಗಳು ಅದರ ವ್ಯಾಪ್ತಿಯಲ್ಲೇ ಇವೆ.

ಮೊದಲನೆಯದಾಗಿ, ಪಂಚಾಯಿತಿಯ ಸ್ವಚ್ಛ ವಾಹಿನಿ ವಾಹನದ ಅರ್ಹತಾ ಪತ್ರದ ದಿನಾಂಕವನ್ನು ಪ್ರತಿ ಸಾಮಾನ್ಯ ಸಭೆಯ ಮುಂದಿಡುವುದು. ಸಾಗಣೆ ವಾಹನಗಳಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆ ಬಳಿಕ ಪ್ರತಿ ವರ್ಷವೂ ಅರ್ಹತಾ ಪತ್ರದ ನವೀಕರಣ ಕಡ್ಡಾಯ. ಆ ವಾಹನವನ್ನು ಓಡಿಸುವವರು ಅನೇಕ ಕಡೆ ಸ್ವಸಹಾಯ ಸಂಘಗಳ ಮಹಿಳೆಯರು. ಬ್ರೇಕಿನ ಬಗ್ಗೆ ಅವರು ನೀಡುವ ಮೌಖಿಕ ದೂರನ್ನು ಅಂದೇ ಪುಸ್ತಕದಲ್ಲಿ ದಾಖಲಿಸಿ ದುರಸ್ತಿ ಮಾಡಿಸತಕ್ಕದ್ದು.

ಎರಡನೆಯದಾಗಿ, ಮುಂಗಾರಿಗೆ ಮೊದಲು ಮತ್ತು ಸುಗ್ಗಿಗೆ ಮೊದಲು, ವರ್ಷಕ್ಕೆರಡು ಬಾರಿ, ಊರಿನ ಮೆಕ್ಯಾನಿಕ್ಕುಗಳ ನೆರವಿನಿಂದ ಪಂಚಾಯಿತಿ ಆವರಣದಲ್ಲಿ ಬ್ರೇಕು ಪರೀಕ್ಷೆಯ ದಿನವನ್ನು ಏರ್ಪಡಿಸುವುದು. ಅಲ್ಲಿ ದಂಡವಿರಬಾರದು, ಹೆಸರು ಬರೆದುಕೊಳ್ಳುವುದೂ ಬೇಡ. ಪೊಲೀಸರ ಭಯವಿದ್ದರೆ ಅತ್ಯಂತ ಹಳೆಯ ಗಾಡಿಗಳೇ ಬಾರದೆ ಉಳಿಯುತ್ತವೆ.

ಮೂರನೆಯದಾಗಿ, 15 ವರ್ಷ ಸಮೀಪಿಸಿದ ಗಾಡಿಗಳ ನವೀಕರಣ ಮತ್ತು ಹೆಸರು ವರ್ಗಾವಣೆಯ ಕ್ರಮವನ್ನು ವಾರ್ಡ್ ಸಭೆಯಲ್ಲಿ ವಿವರಿಸಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು.

ನಾಲ್ಕನೆಯದಾಗಿ, ಪಂಚಾಯಿತಿ ರಸ್ತೆಯ ತಿರುವುಗಳಲ್ಲಿ ಉಳಿದ ಜಲ್ಲಿಯನ್ನು ಗುಡಿಸಿಸುವುದು, ರಸ್ತೆ ಉಬ್ಬುಗಳಿಗೆ ಬಣ್ಣ ಬಳಿಸುವುದು ಮತ್ತು ರಸ್ತೆಯ ಮೇಲೆ ಬೆಳೆ ಒಕ್ಕುವುದನ್ನು ತಡೆಯುವುದು. ಹುಲ್ಲಿನ ಮೇಲೆ ಎಷ್ಟು ಒಳ್ಳೆಯ ಬ್ರೇಕೂ ಜಾರುತ್ತದೆ. ಸವಾರನಿಂದ ಬ್ರೇಕನ್ನು ಕೇಳುವ ಪಂಚಾಯಿತಿಯು ಸವಾರನಿಗೆ ಹಿಡಿತವಿರುವ ರಸ್ತೆಯನ್ನು ಕೊಡಬೇಕಾಗುತ್ತದೆ.

ಈ ಕ್ರಮಗಳಿಗೆ ದೊಡ್ಡ ಅನುದಾನ ಬೇಕಿಲ್ಲ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯವಾಗಿ ಸೇರಿಸಿ ನಿರ್ಣಯ ಕೈಗೊಂಡರೆ ಆರಂಭಕ್ಕೆ ಸಾಕು. ಆ ಸಭೆಗೆ ಹೊರಡುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ಮನೆಯ ಗಾಡಿಯ ಎರಡೂ ಬ್ರೇಕುಗಳನ್ನು ಒಮ್ಮೆ ಒತ್ತಿ ನೋಡಿ ಬರುವುದು ಅಪೇಕ್ಷಣೀಯ.