ನೆರಳನ್ನು ಕಟ್ಟುವವರು
(ಹಾಸನದಲ್ಲಿ ಮಾಡಿದ ಭಾಷಣದ ಪಠ್ಯ)



ಸುಡುವ ಮರುಭೂಮಿಯ ನಗರದಲ್ಲಿ ಬಯಲು ಕಲಾಮಂಟಪವನ್ನು ಕಟ್ಟುವುದು ಹೇಗೆ? ಉತ್ತರಕ್ಕಾಗಿ ಮೊದಲು ವಿಜಯಪುರದ ಬಳಿಯ ಕುಮಟಗಿಗೆ ಹೋಗೋಣ. ವಿಜಯಪುರ ಮರುಭೂಮಿಯಲ್ಲ, ನಿಜ. ಆದರೆ ಅಲ್ಲಿನ ಬೇಸಿಗೆಯನ್ನು ಕಂಡವರಿಗೆ ಈ ವ್ಯತ್ಯಾಸ ದೊಡ್ಡದೆನಿಸದು. ಆದಿಲ್‌ಶಾಹಿಗಳು ಅಲ್ಲಿ ಕೊಳದ ನಡುವೆ ಮಂಟಪ ಕಟ್ಟಿಸಿ, ಕೆರೆಯ ನೀರನ್ನು ಕೊಳವೆಗಳಲ್ಲಿ ತಂದು ಕಾರಂಜಿಯಾಗಿ ಚಿಮ್ಮಿಸಿದರು. ಒಣಗಾಳಿಯಲ್ಲಿ ನೀರು ಬೇಗನೆ ಆವಿಯಾಗುತ್ತದೆ. ಹಾಗೆ ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಅಲ್ಲಿನ ಗೋಡೆಗಳಲ್ಲಿ ಕುಸ್ತಿಪಟುಗಳ, ಕುದುರೆಯೇರಿ ಚೆಂಡಾಡುವವರ ಚಿತ್ರಗಳಿವೆ. ಅವು ಈಗ ಬಹಳ ಮಸುಕಾಗಿವೆ ಎಂಬುದು ನಮ್ಮ ಪಾಲಿನ ನಾಚಿಕೆ.

ಆದರೆ ಇದನ್ನೇ ಅಬುಧಾಬಿಯಲ್ಲಿ ನಕಲು ಮಾಡಿದರೆ ಹೆಚ್ಚು ಫಲವಿಲ್ಲ. ಕಡಲತೀರದ ಬೇಸಿಗೆಯ ಗಾಳಿ ಆಗಲೇ ತೇವದಿಂದ ಭಾರವಾಗಿರುತ್ತದೆ. ಅಲ್ಲಿ ನೆರಳೂ ಗಾಳಿಯ ಹಾದಿಯೂ ಮುಖ್ಯ. 2017ರಲ್ಲಿ ತೆರೆದ ಲೂವ್ರ್ ಅಬುಧಾಬಿ ವಸ್ತುಸಂಗ್ರಹಾಲಯಕ್ಕೆ ಫ್ರಾನ್ಸಿನ ವಾಸ್ತುಶಿಲ್ಪಿ ಜಾನ್ ನುವೆಲ್ 180 ಮೀಟರ್ ವ್ಯಾಸದ, ಎಂಟು ಪದರಗಳ ಜಾಲರಿ ಗುಮ್ಮಟವನ್ನು ಹೊದಿಸಿದರು. ಖರ್ಜೂರದ ಗರಿಗಳ ಸಂದಿಯಿಂದ ಇಳಿದಂತೆ ಬೆಳಕು ಚುಕ್ಕಿಚುಕ್ಕಿಯಾಗಿ ಬೀಳುತ್ತದೆ.

ಇಂತಹ ನೆರಳನ್ನು ಕಟ್ಟುವವನು ಮಾತ್ರ ಬಿಸಿಲಿನಲ್ಲೇ ನಿಂತಿರುತ್ತಾನೆ. ಮಗನನ್ನು ಕೊಲ್ಲಿಗೆ ಕಳುಹಿಸಿದ ತಾಯಂದಿರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದಲೂ ಇಲ್ಲಿಗೆ ಬಂದಿರಬಹುದು. ಯು.ಎ.ಇ.ಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ನೇರ ಬಿಸಿಲಿನಲ್ಲಿ ದುಡಿಸುವಂತಿಲ್ಲ. ಮಂಟಪದ ನಕ್ಷೆ ಬರೆಯುವವರು ಈ ಎರಡೂವರೆ ತಾಸುಗಳನ್ನು ಕಳೆದೇ ಕೆಲಸದ ಅವಧಿಯನ್ನು ನಿಗದಿಪಡಿಸಬೇಕು. ಕಾರ್ಮಿಕರ ಚಪ್ಪರವೂ ಕುಡಿಯುವ ನೀರೂ ಆ ನಕ್ಷೆಯ ಮೊದಲ ಹಾಳೆಯಲ್ಲೇ ಇರಬೇಕು.