ನಮ್ಮ ಮೃತರಿಗೆ ಹೆದರುವುದೇಕೆ?
(ನವೆಂಬರ್ 2, ಮೃತ ವಿಶ್ವಾಸಿಗಳ ಸ್ಮರಣೆಯ ದಿನದ ಪ್ರಬೋಧನೆ)



ಕುದೇರಿನ ಕಡೆ ಅರಿಶಿನ ಬೆಳೆಯುವವರು ಈ ತಿಂಗಳಲ್ಲಿ ಹೊಲಕ್ಕೆ ಹೋದರೆ ಕಣ್ಣಿಗೆ ಕಾಣುವುದು ಬರೀ ಹಸಿರು ಎಲೆ. ಬೆಳೆ ಇರುವುದು ಮಣ್ಣಿನೊಳಗೆ. ಎಲೆಗಳೆಲ್ಲ ಒಣಗಿ ಬಿದ್ದ ಮೇಲೆಯೇ ಅದನ್ನು ಅಗೆದು ತೆಗೆಯುತ್ತೀರಿ. ಎಲೆ ಒಣಗಿತೆಂದು ಯಾವ ರೈತನೂ ಬೆಳೆ ಹೋಯಿತೆಂದು ಅಳುವುದಿಲ್ಲ. ಇಂದು ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚುವಾಗ ಇದನ್ನು ನೆನೆಯಿರಿ.

ಪ್ರತಿ ಭಾನುವಾರ ನಾವು ವಿಶ್ವಾಸ ಪ್ರಮಾಣವನ್ನು ಹೇಳುತ್ತೇವೆ. ಕಾಣುವುದನ್ನೂ ಕಾಣದ್ದನ್ನೂ ಸೃಷ್ಟಿಸಿದವರು ಒಬ್ಬರೇ ದೇವರು ಎಂದು 325ರಲ್ಲಿ ನೈಸಿಯಾದಲ್ಲಿ ಸೇರಿದ ಧರ್ಮಾಧ್ಯಕ್ಷರು ಸಾರಿದರು. ಅಂದರೆ ಕಾಣದ ಲೋಕಕ್ಕೆ ಬೇರೊಬ್ಬ ಯಜಮಾನನಿಲ್ಲ. ಹೀಗಿದ್ದರೂ ಮಗುವಿನ ಜ್ವರ ಬಿಡದಿದ್ದರೆ, ಹಸು ಹಾಲು ಕೊಡದಿದ್ದರೆ, ನಮ್ಮವರಲ್ಲೂ ಕೆಲವರು ತಾಯಿತ ಕಟ್ಟಿಸಲು ಹೋಗುತ್ತಾರೆ. ಅದೂ ಕತ್ತಲಾದ ಮೇಲೆ. ಹಗಲಲ್ಲಿ ಹೋದರೆ ಫಾದರ್ ಕಂಡುಬಿಡುತ್ತಾರಲ್ಲ! "ಸತ್ತ ಅತ್ತೆ ಕಾಡುತ್ತಿದ್ದಾರೆ ಫಾದರ್" ಎಂದು ಹೇಳಿಕೊಳ್ಳುವವರೂ ಇದ್ದಾರೆ. ಬದುಕಿದ್ದಾಗ ನಿಮ್ಮ ಮಕ್ಕಳಿಗೆ ತುತ್ತು ಮಾಡಿ ತಿನ್ನಿಸಿದ ಅತ್ತೆ, ಸತ್ತ ಮೇಲೆ ಹಗೆಯಾಗಿ ಬಿಡುತ್ತಾರೆಯೇ ತಾಯಿ?

ಈ ಭಯ ದೊಡ್ಡವರನ್ನೂ ಬಿಟ್ಟಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟರೆ ಅಧಿಕಾರ ಹೋಗುತ್ತದೆಂದು ಎಷ್ಟೋ ವರ್ಷ ಮುಖ್ಯಮಂತ್ರಿಗಳು ಬರಲು ಅಂಜಿದರು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಹಲವು ಸಲ ಬಂದರು, 2018ರವರೆಗೆ ಐದು ವರ್ಷ ಪೂರೈಸಿಯೂ ಬಿಟ್ಟರು. ಹಿಂದೆ ಅಂಜಿ ದೂರ ಉಳಿದವರಿಂದ ನಷ್ಟವಾದದ್ದು ಯಾರಿಗೆ? ಊರಿಗೆ. ತನ್ನ ಮೃತರಿಗೆ ಹೆದರುವ ಕುಟುಂಬವೂ ಹಾಗೆಯೇ ನಷ್ಟಕ್ಕೆ ಗುರಿಯಾಗುತ್ತದೆ.

ಮರಣ ನಮ್ಮ ಬಾಂಧವ್ಯವನ್ನು ಕಡಿಯುವುದಿಲ್ಲ ಎಂಬುದು ಧರ್ಮಸಭೆಯ ಬೋಧನೆ. ಸ್ವರ್ಗದಲ್ಲಿರುವ ಸಂತರು ನಮಗಾಗಿ ಬೇಡುತ್ತಾರೆ; ಶುದ್ಧೀಕರಣದಲ್ಲಿರುವ ಆತ್ಮಗಳಿಗಾಗಿ ನಾವು ಬೇಡುತ್ತೇವೆ. ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದಾಗ, 1915ರಲ್ಲಿ ಜಗದ್ಗುರು 15ನೇ ಬೆನೆಡಿಕ್ಟರು ಈ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆ ಅರ್ಪಿಸಲು ಅನುಮತಿ ಕೊಟ್ಟರು. ಹೂಳಲೂ ಹತ್ತಿರದವರಿಲ್ಲದೆ ಹೋದವರಿಗಾಗಿ ಇನ್ನೇನು ಮಾಡಲು ಸಾಧ್ಯವಿತ್ತು?

ನಮಗೂ ಅಂಥ ಕಾಲ ಬಂದಿತ್ತು. 2021ರ ಮೇ ತಿಂಗಳ ಮೊದಲ ದಿನಗಳಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಪ್ರಾಣ ಬಿಟ್ಟರು. ಕಾಣದ ಉಸಿರಿನ ಬೆಲೆ ಆ ರಾತ್ರಿ ತಿಳಿಯಿತು. ಕೋವಿಡ್ ಕಾಲದಲ್ಲಿ ಎಷ್ಟೋ ಮಕ್ಕಳಿಗೆ ತಂದೆಯ ಮುಖ ಮುಟ್ಟಲಾಗಲಿಲ್ಲ, ತಾಯಿಯ ಮೈ ತೊಳೆಯಲಾಗಲಿಲ್ಲ. ಆ ಸಂಕಟ ಇಂದಿಗೂ ಆರಿಲ್ಲವೆಂದು ನನಗೆ ಗೊತ್ತು. ಅಂದು ಕೈಗೆ ಎಟುಕದವರನ್ನು ಇಂದಿನ ಬಲಿಪೂಜೆ ತಲುಪುತ್ತದೆ. ಅವರ ಹೆಸರನ್ನು ಚೀಟಿಯಲ್ಲಿ ಬರೆದು ಪೀಠದ ಮುಂದಿಡಿ. ಅವರು ಯಾವ ಮತದವರಾಗಿದ್ದರೂ ಸರಿ.

ಸಂಜೆ ಸಮಾಧಿಗಳ ಆಶೀರ್ವಾದವಿದೆ. ಕತ್ತಲಾಗುತ್ತದೆ, ಮಕ್ಕಳು ಬೇಡ ಎನ್ನಬೇಡಿ. ಕರೆತನ್ನಿ. "ಇಲ್ಲಿ ನಿನ್ನ ತಾತ ಮಲಗಿದ್ದಾರೆ" ಎಂದು ತೋರಿಸಿ, ಆ ಪುಟ್ಟ ಕೈಯಿಂದಲೇ ಬತ್ತಿ ಹಚ್ಚಿಸಿ.